ಭಾರವು ಹಗ್ಗವಲ್ಲ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಘರ್ಷಣೆಯ ಮಾತೇಕೆಂದು ಮಿತ್ರರು ಹುಬ್ಬೇರಿಸಬಹುದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಾವೂ ಲಾರಿಗಳು ಓಡಾಡುವ ರಸ್ತೆಯಲ್ಲೇ ನಡೆಯುವವರು. ಆದುದರಿಂದ ಈ ವಿಷಯವು ವಿಜ್ಞಾನದ ವಿದ್ಯಾರ್ಥಿಗಳಿಗೇ ಮೀಸಲಾದುದಲ್ಲವೆಂದು ನನ್ನ ಅಭಿಪ್ರಾಯ.

“ಘರ್ಷಣೆಯು ಚಲನೆಯನ್ನು ವಿರೋಧಿಸುತ್ತದೆ” ಎಂಬ ವಾಕ್ಯವನ್ನು ನಮ್ಮಲ್ಲನೇಕರು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಅದು ಅರ್ಧಸತ್ಯ. ಒಂದು ಮರದ ತುಂಡಿನ ಮೇಲೆ ಇನ್ನೊಂದನ್ನಿಟ್ಟು ಕೆಳಗಿನದನ್ನು ಮೆಲ್ಲನೆ ಎಳೆಯಿರಿ. ಮೇಲಿನದೂ ಜೊತೆಯಲ್ಲಿಯೇ ಬರುತ್ತದೆ. ಅದನ್ನು ಎಳೆದವರಾರು? ಹಗ್ಗವಿಲ್ಲ, ಕೈಯಿಲ್ಲ, ಎರಡರ ನಡುವಣ ಸ್ಥಿರ ಘರ್ಷಣೆಯೇ ಅದನ್ನು ಮುಂದಕ್ಕೊಯ್ದದ್ದು. ಘರ್ಷಣೆ ವಿರೋಧಿಸುವುದು ಚಲನೆಯನ್ನಲ್ಲ. ಒಂದರ ಮೇಲೊಂದು ಜಾರುವುದನ್ನು.

ಆದರೆ ಈ ಉಪಕಾರಕ್ಕೊಂದು ಮಿತಿಯುಂಟು. ಸ್ಥಿರ ಘರ್ಷಣೆಯು ಬೇಕಾದಷ್ಟನ್ನೇ ಕೊಡುತ್ತದೆ. ಎಲ್ಲೆ ಮೀರಿ ಕೊಡಲಾರದು. ಘರ್ಷಣೆಯು ಒತ್ತುವ ಭಾರದ ಪ್ರಮಾಣದಲ್ಲಿರುತ್ತದೆಂದು ಫ್ರಾನ್ಸಿನ ಅಮಾಂಟನ್ಸ್ ೧೬೯೯ರಲ್ಲಿ ಹೇಳಿದನು. ೧೭೮೫ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಕೂಲಾಂಬ್ ಆ ವಿಚಾರವನ್ನು ವಿಸ್ತರಿಸಿದನು.

ಒಂದು ಲೆಕ್ಕವನ್ನು ನೋಡೋಣ. ಘರ್ಷಣೆಯೇ ಇಲ್ಲವೆನ್ನುವಷ್ಟು ನುಣುಪಾದ ನೆಲದ ಮೇಲೆ ೪ ಕಿಲೋಗ್ರಾಮಿನ ತುಂಡು, ಅದರ ಮೇಲೆ ೨ ಕಿಲೋಗ್ರಾಮಿನದು. ಎರಡರ ನಡುವೆ ಘರ್ಷಣಾಂಕ ೦.೩ ಎನ್ನಿ. ಘರ್ಷಣೆಯ ಎಲ್ಲೆ ೫.೮೮ ನ್ಯೂಟನ್. ಅದು ಮೇಲಿನ ತುಂಡಿಗೆ ಸೆಕೆಂಡಿಗೆ ಸೆಕೆಂಡಿಗೆ ೨.೯೪ ಮೀಟರಿನ ವೇಗೋತ್ಕರ್ಷವನ್ನಷ್ಟೇ ಕೊಡಬಲ್ಲುದು. ಆದ್ದರಿಂದ ಕೆಳಗಿನದನ್ನು ೧೭.೬೪ ನ್ಯೂಟನ್ ವರೆಗೆ ಎಳೆದರೆ ಎರಡೂ ಒಟ್ಟಿಗೆ ಸಾಗುತ್ತವೆ. ಮೀರಿದರೆ ಮೇಲಿನದು ಹಿಂದುಳಿಯುತ್ತದೆ. ಮೇಲಿನದನ್ನೇ ಎಳೆದರೋ, ಅದೇ ೫.೮೮ ನ್ಯೂಟನ್ ಈಗ ೪ ಕಿಲೋಗ್ರಾಮನ್ನು ಸಾಗಿಸಬೇಕು, ೮.೮೨ ನ್ಯೂಟನ್ನಿಗೇ ಜೊತೆ ಮುರಿಯುತ್ತದೆ. ತುಂಡುಗಳು ಅವೇ, ಘರ್ಷಣೆಯೂ ಅದೇ. ಎಳೆದ ಜಾಗ ಬೇರೆಯಾದುದಕ್ಕೆ ಮಿತಿ ಅರ್ಧಕ್ಕಿಳಿಯಿತು!

ನಾನು ಮುಖ್ಯವಾಗಿ ಹೇಳಬೇಕಾದುದು ಇನ್ನೊಂದಿದೆ. ಆ ೨.೯೪ ಎಂಬ ಮಿತಿಯಲ್ಲಿ ಮೇಲಿನ ವಸ್ತುವಿನ ಭಾರಕ್ಕೆ ಸ್ಥಾನವೇ ಇಲ್ಲ. ಭಾರ ಇಮ್ಮಡಿಯಾದರೆ ಘರ್ಷಣೆ ಇಮ್ಮಡಿಯಾಗುತ್ತದೆ, ನಿಜ. ಆದರೆ ಅದನ್ನು ಸಾಗಿಸಲು ಅಥವಾ ತಡೆಯಲು ಬೇಕಾದ ಬಲವೂ ಇಮ್ಮಡಿಯಾಗುತ್ತದೆ. ಲಾರಿಯ ಮೇಲೆ ಕಲ್ಲುಚಪ್ಪಡಿಗಳನ್ನು ಹೇರಿ, “ಇಷ್ಟು ಭಾರದ್ದು ಎಲ್ಲಿಗೆ ಹೋಗುತ್ತದೆ?” ಎಂದು ಕಟ್ಟದೆ ಬಿಡುವ ನಂಬಿಕೆ ಇಲ್ಲಿ ಕುಸಿಯುತ್ತದೆ. ಲಾರಿಯು ಬ್ರೇಕು ಹಾಕಿ ಸೆಕೆಂಡಿಗೆ ಸೆಕೆಂಡಿಗೆ ೫ ಮೀಟರಿನಂತೆ ವೇಗ ಕಳೆದುಕೊಂಡರೆ, ಚಪ್ಪಡಿಯನ್ನು ಹಿಡಿದಿಡಲು ಘರ್ಷಣಾಂಕ ೦.೫ಕ್ಕಿಂತ ತುಸು ಹೆಚ್ಚೇ ಇರಬೇಕು. ಇಲ್ಲವಾದರೆ ೨೦ ಕಿಲೋಗ್ರಾಮಿನದೂ ಜಾರುತ್ತದೆ, ೨ ಟನ್ನಿನದೂ ಜಾರುತ್ತದೆ. ಎರಡನೆಯದರ ಮುಂದೆ ಚಾಲಕನು ಕುಳಿತಿರುತ್ತಾನೆ. ಹೇರಿನ ಮೇಲೆ ಕೂಲಿಯವರು ಕುಳಿತಿರುವುದೂ ಉಂಟು.

ಚಿಕ್ಕ ಮಕ್ಕಳಿಗೆ ಸರಳವಾಗಿ ಹೇಳಬೇಡವೆ ಎಂದು ಅಧ್ಯಾಪಕರು ಕೇಳಬಹುದು. “ಘರ್ಷಣೆಯು ಜಾರುವಿಕೆಯನ್ನು ವಿರೋಧಿಸುತ್ತದೆ” ಎಂಬ ಮಾತೂ ಅಷ್ಟೇ ಸರಳವಲ್ಲವೆ? ಸರಳತೆಗಾಗಿ ಸತ್ಯವನ್ನು ಬಲಿಕೊಡಬೇಕಾಗಿಲ್ಲ. ಪಠ್ಯಪುಸ್ತಕದ ಒಂದು ಪದವನ್ನು ತಿದ್ದುವುದಕ್ಕೆ ಖರ್ಚಿಲ್ಲ; ಹೇರಿಗೊಂದು ಸರಪಣಿ ಬಿಗಿಯುವುದಕ್ಕೆ ತಗಲುವುದು ಅಲ್ಪ ಹೊತ್ತು. ಈ ಎರಡನ್ನೂ ಮಾಡುವ ಸಮಾಜದಲ್ಲಿ ವಿದ್ಯೆಯು ಪರೀಕ್ಷೆಯ ಕೊಠಡಿಯಿಂದ ಹೊರಗೆ ಬಂದಿದೆಯೆಂದು ನಾವು ಧೈರ್ಯವಾಗಿ ಹೇಳಬಹುದು.