ಶುಕ್ರವಾರದವರೆಗೆ ಬಾಯಿಗೆ ಬೀಗ

ಚಿತ್ರವನ್ನು ವಿಮರ್ಶಕರಿಗೆ ಮುಂಚೆಯೇ ತೋರಿಸಿ, ಇಂಥ ದಿನದವರೆಗೆ ಬರೆಯಕೂಡದು ಎಂದು ಕರಾರು ಮಾಡಿಕೊಳ್ಳುವುದಕ್ಕೆ ಎಂಬಾರ್ಗೋ ಅಂತಾರೆ. ಹಾಲಿವುಡ್ಡಿನಲ್ಲಿ ಇದು ಮಾಮೂಲು. ಕರಾರು ಇದೆ ಅಂದ ಮಾತ್ರಕ್ಕೆ ಚಿತ್ರ ಕೆಟ್ಟದ್ದು ಅನ್ನೋದನ್ನು ನಾನು ಒಪ್ಪೋದಿಲ್ಲ. 2011ರಲ್ಲಿ ‘ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ’ ಚಿತ್ರದ ಕರಾರನ್ನು ‘ನ್ಯೂಯಾರ್ಕರ್’ ಪತ್ರಿಕೆಯ ಡೇವಿಡ್ ಡೆನ್ಬಿ ಮುರಿದರು. ಬರೆದದ್ದು ಮೆಚ್ಚುಗೆಯನ್ನೇ! ಆದರೂ ನಿರ್ಮಾಪಕ ಸ್ಕಾಟ್ ರುಡಿನ್, ಇನ್ನು ನಿಮ್ಮನ್ನು ನನ್ನ ಚಿತ್ರಗಳಿಗೆ ಕರೆಯುವುದಿಲ್ಲ ಎಂದುಬಿಟ್ಟರು. ಹೊಗಳಿಕೆ ಕೂಡ ತಾವು ಹೇಳಿದ ದಿನವೇ ಬರಬೇಕೆಂಬ ಹಠ.

ಆದ್ದರಿಂದ ನಾವು ನೋಡಬೇಕಾದ್ದು ತಾರೀಖನ್ನು. ವಾರ ಮೊದಲೇ ಬೀಗ ತೆಗೆದರೆ, ಸರಕಿನ ಮೇಲೆ ಮಾಲೀಕನಿಗೆ ಭರವಸೆಯಿದೆ ಎನ್ನಬಹುದು. ಬಿಡುಗಡೆಯ ದಿನ ಬೆಳಿಗ್ಗೆ ತೆಗೆದರೆ? ಅಷ್ಟರಲ್ಲಿ ಮುಂಗಡ ಟಿಕೆಟ್ಟಿನ ದುಡ್ಡು ಗಲ್ಲಾಪೆಟ್ಟಿಗೆ ಸೇರಿರುತ್ತೆ. 1998ರಲ್ಲಿ ವಾರ್ನರ್ ಬ್ರದರ್ಸ್ ತನ್ನ ಪತ್ತೇದಾರಿ ಚಿತ್ರ ‘ದಿ ಅವೆಂಜರ್ಸ್’ ಅನ್ನು ಪತ್ರಕರ್ತರಿಗೆ ಮೊದಲು ತೋರಿಸಲೇ ಇಲ್ಲ, ಅದು ನೆಲಕಚ್ಚಿತು.

ಹಾಗಂತ ಇದೂ ಕಟ್ಟುನಿಟ್ಟಿನ ಸೂತ್ರವಲ್ಲ. 1960ರಲ್ಲಿ ಹಿಚ್‌ಕಾಕ್ ‘ಸೈಕೋ’ವನ್ನೂ ಮುಂಚಿತವಾಗಿ ತೋರಿಸಲಿಲ್ಲ, ಕಥೆಯ ಗುಟ್ಟು ಒಡೆಯಬಾರದೆಂದು. ಅಂಥ ಗುಟ್ಟಿದ್ದರೆ ಮೌನಕ್ಕೆ ಅರ್ಥವಿದೆ.

ಮಿಕ್ಕಂತೆ, ವಾಣಿಜ್ಯ ಓದುವವನ ಲೆಕ್ಕ ಸರಳ. ಚೀಲ ಬಿಚ್ಚಿ ತೋರಿಸದ ಅಂಗಡಿಯಲ್ಲಿ ಅಕ್ಕಿ ಕೊಳ್ತೀವಾ? ತಿಂಗಳಿಗೊಂದೇ ಚಿತ್ರಕ್ಕೆ ಕಾಸು ಹೊಂದಿಸೋ ನಮ್ಮಂಥವರು ಶನಿವಾರದವರೆಗೆ ಕಾದರೆ ನಷ್ಟವೇನೂ ಇಲ್ಲ.