ಹವಾ ಫಿಲ್ಟರು: ಬಡಿದು ಬಳಸುವ ರೂಢಿ ಬಿಡಬೇಕು

ಸಂಕ್ರಾಂತಿ ಮುಗಿದಂದಿನಿಂದ ಮೃಗಶಿರಾ ಮಳೆ ಬೀಳುವ ವರೆಗೆ ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಟ್ರ್ಯಾಕ್ಟರುಗಳಿಗೆ ಬಿಡುವೆಂಬುದಿಲ್ಲ. ಬಿಳಿಜೋಳದ ರಾಶಿ, ಕಬ್ಬಿನ ಸಾಗಾಟ, ಅವು ಮುಗಿದುವೆಂದರೆ ಬೇಸಿಗೆಯ ನೇಗಿಲು. ಇವೇ ತಿಂಗಳುಗಳು ಧೂಳಿನ ತಿಂಗಳುಗಳೂ ಹೌದು. ಎರಿಭೂಮಿಯ ಹೆಂಟೆ ಒಡೆಯುವಾಗ ಏಳುವ ಧೂಳು ಹಿಂದಿನ ಟ್ರಾಲಿಯನ್ನೂ ಕಾಣಗೊಡುವದಿಲ್ಲ. ಆ ಧೂಳಿನ ನಡುವೆ ತಾಸುಗಟ್ಟಲೆ ಉಸಿರಾಡುವ ಇಂಜಿನಿಗೆ ಕಾವಲಿರುವದು ಒಂದೇ ಒಂದು ಸಾಮಾನು, ಹವಾ ಫಿಲ್ಟರು. ಅದಕ್ಕೆ ನಾವು ಮಾಡುತ್ತಿರುವ ಆರೈಕೆಯಾದರೂ ಎಂಥದು?

ಯಾವ ಹಳ್ಳಿಯಲ್ಲಾದರೂ ನೋಡಬಹುದು. ಇಂಜಿನು ಕರೀ ಹೊಗೆ ಬಿಡತೊಡಗಿದರೆ ಡ್ರೈವರನು ಇಳಿದು ಫಿಲ್ಟರು ಹೊರಗೆ ಎಳೆಯುತ್ತಾನೆ. ಟಾಯರಿಗೋ ಮಡ್‌ಗಾರ್ಡಿಗೋ ನಾಲ್ಕು ಸಲ ಬಡಿಯುತ್ತಾನೆ. ಧೂಳು ಉದುರಿತೆಂದು ತೃಪ್ತಿಪಟ್ಟು ತಿರುಗಿ ಕೂಡಿಸುತ್ತಾನೆ. ಸ್ವಲ್ಪ ಹೆಚ್ಚಿನ ಕಾಳಜಿಯವನಾದರೆ ಪಂಕ್ಚರ ಅಂಗಡಿಗೆ ಒಯ್ದು ಹವಾ ಹೊಡೆಸಿಕೊಂಡು ಬರುತ್ತಾನೆ. ಮಾಲಕರಿಗೂ ಸಮಾಧಾನ, ಹೊಸ ಫಿಲ್ಟರಿನ ಹಣ ಉಳಿಯಿತಲ್ಲ ಎಂದು. ಈ ಉಳಿತಾಯವೇ ನಮ್ಮ ಕಡೆಯ ಎಷ್ಟೋ ಇಂಜಿನುಗಳನ್ನು ಅಕಾಲಕ್ಕೆ ಬೋರಿಂಗಿಗೆ ಇಳಿಸುತ್ತಿದೆಯೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಎರಡೂವರೆ ಲೀಟರಿನ, ಅಂದರೆ 2500 ಸಿ.ಸಿ.ಯ ಟ್ರ್ಯಾಕ್ಟರ ಇಂಜಿನು ಮಿನಿಟಿಗೆ 2000 ಸುತ್ತು ತಿರುಗುತ್ತಿದ್ದರೆ ಎರಡು ಸುತ್ತಿಗೊಮ್ಮೆ ಅದರ ಸಿಲಿಂಡರುಗಳೆಲ್ಲ ಹವೆ ಎಳೆದುಕೊಳ್ಳುತ್ತವೆ. ಪೂರ್ತಿ ತುಂಬುವದಿಲ್ಲವೆಂದು ಕಳೆದರೂ ಮಿನಿಟಿಗೆ ಸುಮಾರು 2000 ಲೀಟರು ಹವೆಯಾಯಿತು. ತಾಸಿಗೆ 1,20,000 ಲೀಟರು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಖೋಲಿಯಲ್ಲಿ ಹಿಡಿಯುವ ಹವೆ 28,000 ಲೀಟರು ಮಾತ್ರ. ಅಂದರೆ ತಾಸಿಗೆ ಇಂಥ ನಾಲ್ಕು ಖೋಲಿಗಳ ಹವೆಯನ್ನು, ಅದರೊಳಗಿನ ಧೂಳು ಸಹಿತ, ಇಂಜಿನು ನುಂಗಲು ನೋಡುತ್ತದೆ. ನಾವು ಡಿಝೆಲ್ಲನ್ನು ಅರಿವೆಯಲ್ಲಿ ಸೋಸಿ ಹಾಕುವಷ್ಟು ಎಚ್ಚರಿಕೆಯುಳ್ಳವರು. ಆದರೆ ಒಂದು ಲೀಟರು ಡಿಝೆಲ್ ಉರಿಯಲು ಕಡಿಮೆಯೆಂದರೂ ಹತ್ತು ಸಾವಿರ ಲೀಟರು ಹವೆ ಬೇಕೆಂಬುದು ನೆನಪಿಗೆ ಬರುವದಿಲ್ಲ. ಹವೆ ಕಣ್ಣಿಗೆ ಕಾಣುವದಿಲ್ಲವಲ್ಲ!

ಇನ್ನು ಧೂಳಿನ ಗುಣ. ಅದರಲ್ಲಿ ನುಣ್ಣನೆಯ ಮರಳಿನ ಕಣಗಳಿರುತ್ತವೆ. ಅವು ಚೂರಿಯ ಉಕ್ಕಿಗಿಂತಲೂ ಗಟ್ಟಿ. ಸಿಲಿಂಡರಿನ ಬೀಡು ಕಬ್ಬಿಣ ಅವುಗಳ ಮುಂದೆ ಏನೂ ಅಲ್ಲ. ರಿಂಗಿಗೂ ಲೈನರಿಗೂ ನಡುವೆ ಎಣ್ಣೆಯ ಜೊತೆ ಕಲೆತು ಕೂತ ಈ ಧೂಳು, ಮಿಸ್ತ್ರಿಗಳು ವಾಲ್ವು ತಿಕ್ಕಲು ಬಳಸುವ ಪೇಸ್ಟಿನಂತೆಯೇ ಕೆಲಸ ಮಾಡುತ್ತದೆ. ಹೆಚ್ಚು ಹಾನಿ ಮಾಡುವ ಕಣಗಳು ಐದರಿಂದ ಇಪ್ಪತ್ತು ಮೈಕ್ರಾನಿನವು. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಆದ್ದರಿಂದ ಫಿಲ್ಟರಿನಲ್ಲಿ ತೂತು ಕಾಣುವದಿಲ್ಲವೆಂಬ ಮಾತಿಗೆ ಬೆಲೆಯಿಲ್ಲ. ನಮ್ಮ ಕಣ್ಣಿಗೆ ಕಾಣದ ಬಿರುಕು ಧೂಳಿಗೆ ಹೆಬ್ಬಾಗಿಲು. ಟರ್ಬೊ ಇರುವ ಹೊಸ ಇಂಜಿನುಗಳಲ್ಲಂತೂ ಮಿನಿಟಿಗೆ ಲಕ್ಷ ಸುತ್ತು ಮೀರಿ ತಿರುಗುವ ಚಕ್ರವೊಂದು ಹವೆಯ ದಾರಿಯಲ್ಲೇ ಕೂತಿರುತ್ತದೆ. ಮೊದಲು ಸವೆಯುವದು ಅದರ ಎಲೆಗಳು.

ಈಗ ಬಡಿಯುವದರ ವಿಚಾರ. ಕಾಗದದ ಫಿಲ್ಟರಿಗೆ ಎರಡು ತುದಿಗೂ ತಗಡಿನ ಇಲ್ಲವೆ ರಬ್ಬರಿನ ಅಂಚಿರುತ್ತದೆ. ಆ ಅಂಚು ಡಬ್ಬಿಗೆ ಸರಿಯಾಗಿ ಒತ್ತಿ ಕೂತರೆ ಮಾತ್ರ ಹವೆ ಕಾಗದದ ಮೂಲಕ ಹೋಗುತ್ತದೆ. ಟಾಯರಿಗೆ ಬಡಿದಾಗ ಅಂಚು ಸೊಟ್ಟಗಾಗುತ್ತದೆ, ಕಾಗದದ ಮಡಿಕೆ ಅಂಟು ಬಿಡುತ್ತದೆ. ಮೇಲೆ ನೋಡಲು ಸ್ವಚ್ಛವಾದ ಫಿಲ್ಟರು. ಹವೆ ಹೋಗುವದು ಮಾತ್ರ ಪಕ್ಕದ ಸಂದಿಯಿಂದ! ಇಂಜಿನಿಗೆ ಸಲೀಸಾಗಿ ಉಸಿರು ಸಿಕ್ಕಿ ಎಳೆತ ಹೆಚ್ಚಿದಂತೆ ಕಾಣುತ್ತದೆ; ಡ್ರೈವರನು ತನ್ನ ಕೈಗುಣವೆಂದು ಹಿಗ್ಗುತ್ತಾನೆ.

ಹವಾ ಹೊಡೆಸುವದೂ ಇದಕ್ಕಿಂತ ಬಹಳ ಮೇಲಲ್ಲ. ಕಾಗದ ತಾಳಿಕೊಳ್ಳುವ ಒತ್ತಡ ಸುಮಾರು 30 ಪೌಂಡು. ಪಂಕ್ಚರ ಅಂಗಡಿಯ ಟಾಕಿಯಲ್ಲಿರುವದು ನೂರು ಪೌಂಡಿನ ಮೇಲೆ. ಅಷ್ಟು ಜೋರಿನ ಹವೆಯನ್ನು ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಗೆ ಇನ್ನಷ್ಟು ನಾಟುತ್ತದೆ. ಹತ್ತಿರ ಹಿಡಿದು ಹೊಡೆದರೆ ಕಾಗದವೇ ಸೀಳುತ್ತದೆ. ಹೊಡೆಯಲೇಬೇಕಾದರೆ ಒತ್ತಡ ಇಳಿಸಿ, ಒಳಗಿನಿಂದ ಹೊರಕ್ಕೆ, ನಳಿಗೆಯನ್ನು ದೂರ ಹಿಡಿದು ಹೊಡೆಯತಕ್ಕದ್ದು. ಅನಂತರ ಕತ್ತಲೆ ಖೋಲಿಯಲ್ಲಿ ಫಿಲ್ಟರಿನೊಳಗೆ ಬ್ಯಾಟರಿ ಬಿಟ್ಟು ಸುತ್ತಲೂ ನೋಡಬೇಕು. ಬೆಳಕು ಚುಕ್ಕೆಯಾಗಿ ತೂರಿಬಂದರೆ ಆ ಫಿಲ್ಟರಿನ ಆಯುಷ್ಯ ಮುಗಿಯಿತು. ಕಾಗದವನ್ನು ಪೆಟ್ರೋಲಿನಲ್ಲಿಯಾಗಲಿ ಸೀಮೆಎಣ್ಣೆಯಲ್ಲಿಯಾಗಲಿ ಅದ್ದಲೇಬಾರದು. ದೊಡ್ಡ ಫಿಲ್ಟರಿನ ಒಳಗೆ ಇನ್ನೊಂದು ಸಣ್ಣ ಫಿಲ್ಟರು ಇರುವದುಂಟು. ಅದು ಹೊರಗಿನದು ಹರಿದಾಗಿನ ರಕ್ಷಣೆಗಾಗಿ. ಅದಕ್ಕೆ ಹವಾ ಹೊಡೆಯುವದಿಲ್ಲ, ಝಾಡಿಸುವದಿಲ್ಲ. ಅವಧಿ ಬಂದಾಗ ಹೊಸದನ್ನೇ ಹಾಕುವದು. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಈ ಒಳಗಿನ ಫಿಲ್ಟರನ್ನು ಹವೆ ತಡೆಯುತ್ತದೆಂದು ಕಿತ್ತು ಶೆಡ್ಡಿನ ಮೂಲೆಗೆ ಎಸೆದದ್ದನ್ನು ನೋಡಿದ್ದೇನೆ. ಕಾವಲುಗಾರ ಸಂಬಳ ಕೇಳುತ್ತಾನೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಇದು.

ಇಷ್ಟು ಹೇಳಿದಾಗ ಕೆಲವರು ಕೇಳುವದುಂಟು: “ಬದಲಿಸಿರಿ, ಬದಲಿಸಿರಿ ಎಂಬುದು ಮಾರುವವರ ಹಿಕಮತ್ತಲ್ಲವೇ?” ಈ ಸಂಶಯದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಕಾರನ್ನು ಸರ್ವಿಸಿಗೆ ಬಿಟ್ಟರೆ ಸಾಕು, ಕಪ್ಪಾದ ಫಿಲ್ಟರನ್ನು ಮುಖದ ಮುಂದೆ ಹಿಡಿದು, ಇದರಿಂದಲೇ ನಿಮ್ಮ ಪೆಟ್ರೋಲು ಹೆಚ್ಚು ಸುಡುತ್ತಿದೆ ಎಂದು ಹೆದರಿಸುವವರಿದ್ದಾರೆ. ಕಾರ್ಬ್ಯುರೇಟರಿನ ಹಳೆಯ ಗಾಡಿಗಳಿಗೆ ಆ ಮಾತು ಸಲ್ಲುತ್ತಿತ್ತು. ಇಂದಿನ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಹವೆ ಕಡಿಮೆಯಾದಷ್ಟು ಪೆಟ್ರೋಲನ್ನೂ ಯಂತ್ರವೇ ಕಡಿಮೆ ಮಾಡಿಕೊಳ್ಳುತ್ತದೆ. ಅಮೇರಿಕೆಯ ಓಕ್ ರಿಜ್ ಪ್ರಯೋಗಶಾಲೆಯವರು 2009ರಲ್ಲಿ ಇದನ್ನು ಪರೀಕ್ಷಿಸಿ, ಫಿಲ್ಟರು ಕಟ್ಟಿದ್ದರಿಂದ ಇಂಥ ಕಾರುಗಳ ಮೈಲೇಜು ಇಳಿಯುವದಿಲ್ಲ, ವೇಗ ಏರಿಸುವ ಶಕ್ತಿ ಮಾತ್ರ ಕುಗ್ಗುತ್ತದೆಂದು ಕಂಡುಕೊಂಡರು. ಬಣ್ಣವೂ ಸಾಕ್ಷಿಯಲ್ಲ. ಕಾಗದದ ಮೇಲೆ ಧೂಳಿನ ತೆಳುವಾದ ಪದರು ಕೂತ ಮೇಲೆಯೇ ಫಿಲ್ಟರು ಇನ್ನೂ ನುಣ್ಣಗೆ ಸೋಸುತ್ತದೆ. ಹೊಸ ಫಿಲ್ಟರಿಗಿಂತ ಸ್ವಲ್ಪ ಬಳಸಿದ ಫಿಲ್ಟರೇ ಧೂಳು ಹಿಡಿಯುವದರಲ್ಲಿ ಚುರುಕು. ಆದ್ದರಿಂದಲೇ ದಿನಕ್ಕೊಮ್ಮೆ ಬಿಚ್ಚಿ ನೋಡುವ ಅತಿಕಾಳಜಿಯೂ ಒಳ್ಳೆಯದಲ್ಲ; ಬಿಚ್ಚಿದಾಗೊಮ್ಮೆ ನಾಲ್ಕು ಕಣ ಒಳಗೆ ಬೀಳುವದು ತಪ್ಪುವದಿಲ್ಲ.

ಹಾಗಾದರೆ ಬದಲಿಸುವದು ಯಾವಾಗ? ಡಬ್ಬಿಯ ಮೇಲೆ ಕೆಂಪು ಗುರುತು ತೋರಿಸುವ ಸೂಚಕವಿದ್ದರೆ ಅದು ಹೇಳಿದಾಗ. ಇಲ್ಲದಿದ್ದರೆ ಪುಸ್ತಿಕೆಯಲ್ಲಿ ಕೊಟ್ಟ ತಾಸುಗಳ ಲೆಕ್ಕಕ್ಕೆ, ಧೂಳಿನ ಕೆಲಸವಿದ್ದಾಗ ಅದಕ್ಕೂ ಬೇಗ. ಕಾರಿನ ಪುಸ್ತಿಕೆಯಲ್ಲಿಯ ಕಿಲೋಮೀಟರು ಡಾಂಬರು ರಸ್ತೆಯ ಲೆಕ್ಕ. ಸಂಖ, ಉಮದಿ ಕಡೆಯ ಹೊಲದ ದಾರಿಗಳಲ್ಲಿ ದಿನಾಲು ಓಡುವ ಜೀಪು, ಪಿಕಪ್ಪುಗಳಿಗೆ ಅದರ ಅರ್ಧವೇ ಸಾಕು. ಟ್ರ್ಯಾಕ್ಟರಿಗೆ, ಹೇಗಿದ್ದರೂ, ವರ್ಷಕ್ಕೊಂದು ಹೊಸ ಫಿಲ್ಟರು ಬೇಕೆಂಬುದು ನನ್ನ ಮತ. ಅದರ ಬೆಲೆ ಬಾಡಿಗೆಯ ಕೆಲವು ತಾಸುಗಳಲ್ಲಿ ಹೊರಡುತ್ತದೆ. ಲೈನರು, ಪಿಸ್ಟನ್ನು, ರಿಂಗು ಹಾಕಿಸುವ ಖರ್ಚು ಸಾವಿರಗಳಲ್ಲಿ ಹತ್ತಾರು. ಅದೂ ಸುಗ್ಗಿಯಲ್ಲಿಯೇ ಬಂದೆರಗುತ್ತದೆ. ಟ್ರ್ಯಾಕ್ಟರು ಗ್ಯಾರೇಜಿನಲ್ಲಿ ನಿಂತಿತೆಂದು ಬ್ಯಾಂಕಿನ ಕಂತು ನಿಲ್ಲುವದಿಲ್ಲ.

ಎಣ್ಣೆಯ ಬಟ್ಟಲಿನ ಫಿಲ್ಟರುಳ್ಳ ಹಳೆಯ ಟ್ರ್ಯಾಕ್ಟರುಗಳು ನಮ್ಮಲ್ಲಿ ಇನ್ನೂ ಬಹಳ ಇವೆ. ಇವುಗಳ ಗುಣ ದೊಡ್ಡದು: ಕೊಳ್ಳುವ ಖರ್ಚಿಲ್ಲ, ತೊಳೆದು ಬಳಸಬಹುದು. ಆದರೆ ತೊಳೆಯುವವರಾರು? ಎಳೆದುಕೊಂಡ ಹವೆ ಬಟ್ಟಲಿನ ಎಣ್ಣೆಗೆ ತಾಗಿ ತಿರುಗುವಾಗ ಧೂಳು ಎಣ್ಣೆಗೆ ಅಂಟುತ್ತದೆ, ಉಳಿದದ್ದನ್ನು ಮೇಲಿನ ತಂತಿಯ ಜಾಳಿಗೆ ಹಿಡಿಯುತ್ತದೆ. ಎಣ್ಣೆ ಕೆಸರಾದ ಮೇಲೆ ಧೂಳು ಅಂಟುವದೆಲ್ಲಿ? ಬಟ್ಟಲಿನ ತಳದಲ್ಲಿ ಬೆರಳಗಲ ರಾಡಿ ಕೂತಿದ್ದರೆ ಎಣ್ಣೆ ಚೆಲ್ಲಿ, ಬಟ್ಟಲು ತೊಳೆದು, ಇಂಜಿನಿಗೆ ಹಾಕುವ ಎಣ್ಣೆಯನ್ನೇ ಗೆರೆಯ ವರೆಗೆ ತುಂಬಬೇಕು. ರಾಶಿ, ರೋಟಾವೇಟರುಗಳ ಕಾಲದಲ್ಲಿ ಇದನ್ನು ದಿನಾಲು ನೋಡುವದು ಅವಶ್ಯ. ಗೆರೆ ಮೀರಿ ತುಂಬುವದು ಧಾರಾಳತನವಲ್ಲ. ಹೆಚ್ಚಾದ ಎಣ್ಣೆಯನ್ನು ಇಂಜಿನು ಎಳೆದುಕೊಂಡು ಉರಿಸತೊಡಗಿದರೆ ಕೈಗೆ ಸಿಗದೆ ಓಡುವ ಅಪಾಯವುಂಟು. ಜಾಳಿಗೆಯನ್ನು ಡಿಝೆಲ್ಲಿನಲ್ಲಿ ತೊಳೆದು, ಪೂರ್ತಿ ಸೋರಿ ಆರಿದ ಮೇಲೆಯೇ ಕೂಡಿಸಬೇಕು.

ಫಿಲ್ಟರಿನಷ್ಟೇ ಮುಖ್ಯವಾದದ್ದು ಅದರಿಂದ ಇಂಜಿನಿಗೆ ಹೋಗುವ ರಬ್ಬರಿನ ನಳಿಗೆ. ನಳಿಗೆ ಸೀಳಿದ್ದರೆ, ಬಿಗಿಪಟ್ಟಿ ಸಡಿಲಿದ್ದರೆ, ಎಷ್ಟು ಬೆಲೆಯ ಫಿಲ್ಟರು ಹಾಕಿದರೂ ವ್ಯರ್ಥ. ನಳಿಗೆ ಕಳಚಿ ಒಳಗೆ ಬೆರಳಾಡಿಸಬೇಕು; ಬೆರಳಿಗೆ ಮಣ್ಣು ಹತ್ತಿದರೆ ಎಲ್ಲಿಯೋ ಕಳ್ಳದಾರಿ ಇದೆಯೆಂದು ತಿಳಿಯಬೇಕು. ಪೇಟೆಯಲ್ಲಿ ಸಿಗುವ ಅಗ್ಗದ ಫಿಲ್ಟರುಗಳಲ್ಲಿಯೂ ಇದೇ ತೊಂದರೆ: ಅಳತೆ ಒಂದು ನೂಲು ತಪ್ಪಿದರೂ ಅಂಚು ಕೂಡ್ರುವದಿಲ್ಲ. ರಾಶಿಯ ಯಂತ್ರಕ್ಕೆ ಟ್ರ್ಯಾಕ್ಟರು ಹೂಡುವಾಗ ಗಾಳಿ ಬೀಸುವ ಕಡೆ ಟ್ರ್ಯಾಕ್ಟರು, ಗಾಳಿ ಹೋಗುವ ಕಡೆ ಹೊಟ್ಟು, ಹೀಗೆ ನಿಲ್ಲಿಸಿದರೆ ಫಿಲ್ಟರಿನ ಅರ್ಧ ಭಾರ ಕಡಿಮೆಯಾದಂತೆಯೇ. ಕಣದಲ್ಲಿ ಜೋಳ ತೂರುವಾಗ ಗಾಳಿಯ ದಿಕ್ಕು ನೋಡಿ ನಿಲ್ಲುತ್ತಿದ್ದ ನಮ್ಮ ಹಿರಿಯರಿಗೆ ಈ ಪಾಠ ಹೇಳಬೇಕಾಗಿರಲಿಲ್ಲ.

ದೋಷವೆಲ್ಲ ಡ್ರೈವರನದೆಂದು ಹೇಳಿ ಕೈತೊಳೆದುಕೊಳ್ಳುವದು ನ್ಯಾಯವಲ್ಲ. ದಿನಗೂಲಿಯ ಹುಡುಗನಿಗೆ ಎಕರೆ ಎಷ್ಟಾಯಿತೆಂದು ಕೇಳುವ ಮಾಲಕನು, ಬಟ್ಟಲಿನ ಎಣ್ಣೆ ನೋಡಿದೆಯೇನು ತಮ್ಮಾ ಎಂದು ಎಂದಾದರೂ ಕೇಳಿದ್ದುಂಟೆ? ಫಿಲ್ಟರು ಹಾಕಿದ ದಿನ ಮೀಟರಿನಲ್ಲಿದ್ದ ತಾಸುಗಳನ್ನು ಬಾನೆಟ್ಟಿನ ಒಳಗಡೆ ಬಣ್ಣದಲ್ಲಿ ಬರೆದಿಡಲು ಏನು ಖರ್ಚು? ಯಾವ ಡ್ರೈವರನು ಬಂದರೂ ಅದು ಕಾಣುತ್ತಿರುತ್ತದೆ.

ಇನ್ನೊಂದು ಮಾತು ಡೀಲರರಿಗೆ. ನಮ್ಮ ಭಾಗದಲ್ಲಿ ಟ್ರ್ಯಾಕ್ಟರಿನ ಜೊತೆ ನಾನು ನೋಡಿದ ಪುಸ್ತಿಕೆಗಳು ಇಂಗ್ಲಿಷು, ಹಿಂದಿ, ಇಲ್ಲವೆ ಮರಾಠಿಯವು. ಮರಾಠಿ ಓದಬಲ್ಲವರು ನಮ್ಮಲ್ಲಿ ಇಲ್ಲವೆಂದಲ್ಲ. ಸಂತೆಯ ವ್ಯವಹಾರವೂ ಕಚೇರಿಯ ಅರ್ಜಿಯೂ ಅದರಲ್ಲಿಯೇ ನಡೆಯುತ್ತವೆ. ಆದರೆ ಕನ್ನಡ ಶಾಲೆಯಲ್ಲಿ ನಾಲ್ಕು ಇಯತ್ತೆ ಕಲಿತು ಸ್ಟೇರಿಂಗ ಹಿಡಿದ ಹುಡುಗನು ಯಂತ್ರದ ಮಾತನ್ನು ಪರಭಾಷೆಯಲ್ಲಿ ಓದಿ ತಿಳಿದುಕೊಳ್ಳಲೆಂದು ಅಪೇಕ್ಷಿಸುವದು ಹೆಚ್ಚಾಯಿತು. ಲಕ್ಷಗಟ್ಟಲೆ ಬೆಲೆಯ ಸಾಮಾನು ಮಾರುವವರು ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿಸಿ ಕೊಡಲಾರರೇ? ಹಳ್ಳಿಯ ಸೊಸಾಯಿಟಿಗಳೂ ಗೊಬ್ಬರದ ಚೀಲಗಳ ಬದಿಗೆ ತಮ್ಮೂರಿನಲ್ಲಿ ಹೆಚ್ಚಾಗಿರುವ ಟ್ರ್ಯಾಕ್ಟರುಗಳ ಹತ್ತಿಪ್ಪತ್ತು ಫಿಲ್ಟರುಗಳನ್ನು ಇಟ್ಟುಕೊಂಡರೆ, ಅದೊಂದಕ್ಕಾಗಿ ಸೊಲ್ಲಾಪುರಕ್ಕೋ ವಿಜಾಪುರಕ್ಕೋ ಬಸ್ಸು ಹತ್ತುವದು ತಪ್ಪುತ್ತದೆ. ಬಸ್ಸು ಹತ್ತುವ ಬೇಸರಕ್ಕೇ ಎಷ್ಟೋ ಜನ ಹಳೆಯದನ್ನು ಬಡಿಯುತ್ತಾರೆ.

ಬೇಸಿಗೆಯ ನೇಗಿಲು ಹೂಡುವ ಮೊದಲೇ ಡೀಲರರು ಆ ಚೀಟಿ ತರಬೇಕು. ಒಂದೇ ಮಗ್ಗುಲು, ದಪ್ಪ ಅಕ್ಷರ, ಟೂಲ್‌ಬಾಕ್ಸಿನ ಮುಚ್ಚಳಕ್ಕೆ ಅಂಟುವಷ್ಟು ಅಳತೆ. ಮಜಕೂರು ಬೇಕಾದರೆ ಮೇಲೆ ಬರೆದದ್ದರಿಂದಲೇ ತೆಗೆದುಕೊಳ್ಳಲು ಅಡ್ಡಿಯಿಲ್ಲ.