ಹತ್ತನೇ ತರಗತಿಗೆ ಡಾರ್ವಿನ್, ಮೆಂಡಲೀವ್ ಮರಳಿ ಬರಲಿ



ಕೋವಿಡ್ ಕಾಲದಲ್ಲಿ ಕಲಿಕೆ ಕೆಟ್ಟಿತು, ಮಕ್ಕಳ ಹೊರೆ ಇಳಿಸಬೇಕು ಎಂದು ರಾಷ್ಟ್ರಮಟ್ಟದ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿ 2022ರಲ್ಲಿ ತನ್ನ ಪಠ್ಯಪುಸ್ತಕಗಳಿಗೆ ಕತ್ತರಿ ಹಾಕಿತು. ಹತ್ತನೇ ತರಗತಿಯ ವಿಜ್ಞಾನದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯ ಬರೀ ‘ಅನುವಂಶೀಯತೆ’ ಆಯಿತು. ಡಾರ್ವಿನ್, ಪಳೆಯುಳಿಕೆ, ಜೀವದ ಉಗಮ, ಮಾನವನ ವಿಕಾಸ ಎಲ್ಲವೂ ಹೋದವು. ಧಾತುಗಳ ಆವರ್ತಕ ಕೋಷ್ಟಕದ ಅಧ್ಯಾಯವಂತೂ ಇಡಿಯಾಗಿಯೇ ಹೋಯಿತು. ಶಕ್ತಿಯ ಆಕರಗಳು, ವಿದ್ಯುತ್ ಮೋಟಾರು, ಜನರೇಟರ್ ಕೂಡ ಉಳಿಯಲಿಲ್ಲ. 2023ರ ಏಪ್ರಿಲ್‌ನಲ್ಲಿ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ನಮ್ಮ ರಾಜ್ಯದ ಪ್ರೌಢಶಾಲೆಗಳ ವಿಜ್ಞಾನ ಪುಸ್ತಕಗಳಿಗೂ ಎನ್‌ಸಿಇಆರ್‌ಟಿ ಪಠ್ಯವೇ ಆಧಾರ. ಹಾಗಾಗಿ ದೆಹಲಿಯಲ್ಲಿ ಬಿಟ್ಟದ್ದೇನು, ಇಟ್ಟದ್ದೇನು ಎಂದು ಕೇಳುವ ಹಕ್ಕು ಬೀದರಿನ ಪೋಷಕರಿಗೂ ಇದೆ, ಚಾಮರಾಜನಗರದವರಿಗೂ ಇದೆ.

ಹೊರೆ ಇದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಾವುದು ಹೊರೆ? ಸೋಡಿಯಂ ನೀರಿನೊಡನೆ ಬಿರುಸಾಗಿ ವರ್ತಿಸುತ್ತದೆ, ಪೊಟ್ಯಾಸಿಯಂ ಕೂಡ ಹಾಗೆಯೇ, ಎರಡನ್ನೂ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡಬೇಕು. ಇದು ‘ಲೋಹಗಳು ಮತ್ತು ಅಲೋಹಗಳು’ ಅಧ್ಯಾಯದಲ್ಲಿ ಇಂದಿಗೂ ಇದೆ. ಕೋಷ್ಟಕ ಕಂಡ ಮಗುವಿಗೆ ಇವೆರಡೂ ಒಂದೇ ಕಂಬಸಾಲಿನವು ಎಂದು ಗೊತ್ತಿರುತ್ತದೆ. ಒಂದನ್ನು ಕಲಿತರೆ ಇನ್ನೊಂದನ್ನು ಊಹಿಸಬಹುದು. ಕೋಷ್ಟಕವೇ ಇಲ್ಲದ ಮಗು ಎರಡನ್ನೂ ಬೇರೆಬೇರೆಯಾಗಿ ಉರುಹೊಡೆಯಬೇಕು. ನೂರಕ್ಕೂ ಮಿಕ್ಕಿದ ಧಾತುಗಳನ್ನು ಒಂದು ಹಾಳೆಯಲ್ಲಿ ಅರ್ಥವಾಗುವಂತೆ ಜೋಡಿಸುವ ವಿಚಾರವನ್ನೇ ತೆಗೆದು ಬಿಡಿಬಿಡಿ ಸಂಗತಿಗಳನ್ನು ಉಳಿಸಿಕೊಂಡದ್ದು, ಗಾಡಿಯ ಭಾರ ಇಳಿಸಲು ಮೂಟೆ ಬಿಟ್ಟು ಚಕ್ರ ಬಿಚ್ಚಿದಂತೆ.

ಇಷ್ಟೇ ಅಲ್ಲ. ವಿಜ್ಞಾನ ಎಂದರೆ ಏನು ಎಂದು ಹದಿನೈದರ ಮಗುವಿಗೆ ತೋರಿಸಲು ಆವರ್ತಕ ಕೋಷ್ಟಕ ರೂಪಿಸಿದ ಮೆಂಡಲೀವನ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1869ರಲ್ಲಿ ಗೊತ್ತಿದ್ದುದು 63 ಧಾತುಗಳು. ಅವನ್ನು ಜೋಡಿಸುತ್ತ ಆತ ಕೆಲವು ಮನೆಗಳನ್ನು ಖಾಲಿ ಬಿಟ್ಟ. ಅಲ್ಲಿಗೆ ಬರಬೇಕಾದ, ಇನ್ನೂ ಯಾರೂ ಕಾಣದ ಧಾತುಗಳ ಗುಣಗಳನ್ನೂ ಮುಂಚೆಯೇ ಬರೆದಿಟ್ಟ. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವರು ಅದರ ಸಾಂದ್ರತೆಯನ್ನು 4.7 ಎಂದು ಅಳೆದರು. ಅದು 5.9ರ ಆಸುಪಾಸು ಇರಬೇಕು, ಲೋಹವನ್ನು ಶುದ್ಧಮಾಡಿ ಮತ್ತೆ ಅಳೆಯಿರಿ ಎಂದ ಮೆಂಡಲೀವ್. ಆ ಲೋಹದ ಚೂರನ್ನೂ ನೋಡದೆ ಹೇಳಿದ ಮಾತು ಅದು. ಮತ್ತೆ ಅಳೆದಾಗ ಬಂದದ್ದು 5.9. ನಾಲ್ಕೇ ವರ್ಷದಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕವು; ಅವಕ್ಕೂ ಕೋಷ್ಟಕದಲ್ಲಿ ಜಾಗ ಕಾದಿತ್ತು. ಊಹೆಯನ್ನು ಪರೀಕ್ಷೆಗೆ ಒಡ್ಡುವುದು ಹೇಗೆ ಎಂಬುದನ್ನು ಇದಕ್ಕಿಂತ ಸುಲಭವಾಗಿ ಹೇಳುವ ಪಾಠ ಆ ಪುಸ್ತಕದಲ್ಲಿ ಇನ್ನೊಂದು ಇರಲಿಲ್ಲ.

ಎನ್‌ಸಿಇಆರ್‌ಟಿ ಕೊಟ್ಟ ಸಮಾಧಾನ ಹೀಗಿದೆ: ಆವರ್ತಕ ಕೋಷ್ಟಕ ಹನ್ನೊಂದರಲ್ಲಿ ಬರುತ್ತದೆ, ಜೀವವಿಕಾಸ ಹನ್ನೆರಡರಲ್ಲಿ ಬರುತ್ತದೆ, ಯಾವುದೂ ಕಳೆದುಹೋಗಿಲ್ಲ. ಮಾತು ಸುಳ್ಳಲ್ಲ, ಆದರೆ ಬರುವುದು ಯಾರಿಗೆ? ನಮ್ಮ ರಾಜ್ಯದಲ್ಲಿ ಪ್ರತಿವರ್ಷ ಸುಮಾರು ಎಂಟು ಲಕ್ಷ ಮಕ್ಕಳು ಎಸ್‌ಎಸ್‌ಎಲ್‌ಸಿ ಬರೆಯುತ್ತಾರೆ. ಅಲ್ಲಿಂದ ಮುಂದೆ ಒಬ್ಬರು ಕಾಮರ್ಸ್, ಒಬ್ಬರು ಆರ್ಟ್ಸ್, ಒಬ್ಬರು ಐಟಿಐ, ಒಬ್ಬರು ಡಿಪ್ಲೊಮಾ, ಕೆಲವರು ನೇರ ದುಡಿಮೆ. ಪಿಯುಸಿಯಲ್ಲಿ ಜೀವಶಾಸ್ತ್ರ ಆಯ್ದುಕೊಳ್ಳುವವರು ಈ ಗುಂಪಿನ ಒಂದು ಭಾಗ ಮಾತ್ರ. ಎಲ್ಲ ಮಕ್ಕಳೂ ಒಂದೇ ವಿಜ್ಞಾನ ಓದುವ ಕೊನೆಯ ತರಗತಿ ಹತ್ತನೆಯದು. ಅಲ್ಲಿ ಇಲ್ಲದ್ದು ಉಳಿದವರಿಗೆ ಜೀವಮಾನದಲ್ಲೇ ಇಲ್ಲ. ವೈದ್ಯನಾಗುವವನಿಗೆ ಹೇಗೂ ಇನ್ನೊಂದು ಅವಕಾಶ ಸಿಗುತ್ತದೆ. ರೈತನಿಗೆ, ಔಷಧ ಅಂಗಡಿಯವನಿಗೆ, ಪಂಚಾಯಿತಿ ಸದಸ್ಯೆಗೆ ಸಿಗುವುದಿಲ್ಲ.

ಅವರಿಗೆ ಡಾರ್ವಿನ್ ಯಾಕೆ ಬೇಕು ಎಂದು ಕೇಳುವವರು ರಾಯಚೂರಿನ ಹತ್ತಿ ಹೊಲಗಳನ್ನು ನೋಡಲಿ. ಕಾಯಿಕೊರಕ ಹುಳುವನ್ನು ಕೊಲ್ಲುವ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿನ ವಿಷವನ್ನು ತಾಳಬಲ್ಲ ಬೆರಳೆಣಿಕೆಯ ಹುಳುಗಳು ಉಳಿದವು, ಉಳಿದವೇ ಮರಿಮಾಡಿದವು. ಹೀಗೆ ಮೊದಲು ಗುಜರಾತಿನಲ್ಲಿ, ಆಮೇಲೆ ನಮ್ಮಲ್ಲೂ ಗುಲಾಬಿ ಕಾಯಿಕೊರಕ ಬಿಟಿಗೆ ಬಗ್ಗದಾಯಿತು. ಇದನ್ನು ತಡೆಯಲೆಂದೇ ಹೊಲದ ಅಂಚಿಗೆ ಬಿಟಿ ಅಲ್ಲದ ಹತ್ತಿ ಬಿತ್ತಿ ಎಂದು ಬೇರೆ ಬೀಜ ಕೊಡುತ್ತಿದ್ದರು. ವಿಷ ತಾಳದ ಹುಳುಗಳೂ ಅಲ್ಲಿ ಬದುಕಿ, ತಾಳಬಲ್ಲವುಗಳೊಡನೆ ಕೂಡಿದರೆ ಆ ಶಕ್ತಿ ಪೀಳಿಗೆಯಲ್ಲಿ ಬೇಗ ಹರಡುವುದಿಲ್ಲ ಎಂಬುದು ಲೆಕ್ಕ. ಈ ಲೆಕ್ಕ ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆಯದೇ. ಅದು ಗೊತ್ತಿಲ್ಲದವರಿಗೆ ಅಂಚಿನ ಸಾಲು ದಂಡದ ಸಾಲಾಗಿ ಕಂಡರೆ ಆಶ್ಚರ್ಯವಿಲ್ಲ. ಎಷ್ಟೋ ಕಡೆ ಅದನ್ನು ಬಿತ್ತಲೇ ಇಲ್ಲ. ಆಂಟಿಬಯಾಟಿಕ್ ಮಾತ್ರೆಯನ್ನು ಮನಬಂದಂತೆ ನುಂಗಬಾರದು ಎನ್ನುವುದರ ಹಿಂದೆಯೂ ಇದೇ ತತ್ತ್ವವಿದೆ.

ಜೀವವಿಕಾಸ ನಂಬಿಕೆಗೆ ಧಕ್ಕೆ ತರುತ್ತದೆ ಎಂಬ ಆಕ್ಷೇಪ ಕಡತದಲ್ಲಿ ಇಲ್ಲದಿದ್ದರೂ ಗಾಳಿಯಲ್ಲಿದೆ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ ವಾದ ವೈಜ್ಞಾನಿಕವಾಗಿ ತಪ್ಪು ಎಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ತಳ್ಳಿಹಾಕಿದವು. ಅದರಲ್ಲಿ ಒಂದು ಬೆಂಗಳೂರಿನದೇ. ಪಾಠ ಮಗುವಿನ ದೇವರನ್ನು ಕಸಿಯುವುದಿಲ್ಲ, ಹುಳು, ಕಪ್ಪೆ, ಮನುಷ್ಯರ ಬಗ್ಗೆ ಸಿಕ್ಕಿರುವ ಪುರಾವೆಯನ್ನು ಮುಂದಿಡುತ್ತದೆ. ದಶಾವತಾರದಲ್ಲೇ ಜೀವವಿಕಾಸವಿದೆ ಎನ್ನುವವರೂ ನಮ್ಮಲ್ಲಿದ್ದಾರೆ. ಹಾಗಿದ್ದರೆ ಪುಸ್ತಕದಿಂದ ಅದನ್ನು ತೆಗೆದಾಗ ಮೊದಲು ದನಿ ಎತ್ತಬೇಕಾಗಿದ್ದವರು ಅವರೇ.

ಮತ್ತೇನನ್ನು ಬಿಡೋಣ ಎಂದು ಕೇಳಿದರೆ ಉತ್ತರವಿದೆ. ನಿಮ್ನ ದರ್ಪಣದ ಮುಂದೆ ವಸ್ತುವನ್ನು ಆರು ಕಡೆ ಇಟ್ಟು, ಮಸೂರದ ಮುಂದೆ ಮತ್ತೆ ಆರು ಕಡೆ ಇಟ್ಟು ಕಿರಣಚಿತ್ರ ಬಿಡಿಸುವುದರಲ್ಲಿ ಅರ್ಧ ಬಿಡಬಹುದು. ಒಂದೇ ಬಗೆಯ ಲೆಕ್ಕಗಳನ್ನು ಕಡಿಮೆ ಮಾಡಬಹುದು. ಜನರೇಟರ್ ಪಾಠ ಬಿಡಲಾಗದು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಕಳಿಸಿದ ನಾಡಿನ ಮಗುವಿಗೆ ಕರೆಂಟು ಹುಟ್ಟುವುದು ಹೇಗೆಂದು ಗೊತ್ತಿರಬೇಕು.

ಶಾಲೆಗಳು ತೆರೆದು ವರ್ಷಗಳಾದವು, ಕೋವಿಡ್ ನೆಪ ಮುಗಿದಿದೆ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗೆ ತಕ್ಕ ಹೊಸ ಪುಸ್ತಕಗಳು ಒಂದೊಂದೇ ತರಗತಿಗೆ ಬರುತ್ತಿವೆ. ಜೀವವಿಕಾಸ, ಆವರ್ತಕ ಕೋಷ್ಟಕ ಎರಡೂ ಹತ್ತನೇ ತರಗತಿಯ ಪುಸ್ತಕದಲ್ಲೇ ಇರಬೇಕು. ಅಲ್ಲಿ ಅವು ಇಲ್ಲವಾದರೆ ರಾಜ್ಯ ಸರ್ಕಾರ ಪೂರಕ ಅಧ್ಯಾಯಗಳನ್ನು ಅಚ್ಚುಹಾಕಿ ಕೊಡಬೇಕು. ಪಠ್ಯಪುಸ್ತಕ ಸಂಘ ನಮ್ಮದೇ ಇದೆ. ನಿಮ್ಮ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ಎತ್ತಿ, ನಿರ್ಣಯ ಮಾಡಿ, ಶಾಲಾ ಶಿಕ್ಷಣ ಇಲಾಖೆಗೂ ನಿಮ್ಮ ಕ್ಷೇತ್ರದ ಶಾಸಕರಿಗೂ ಬರೆದು ಕಳಿಸಿ.